ಬೋಳು ಕೊಂಬೆಯಲ್ಲಿ ಅಡಗಿದ ಚಿಗುರು

ಕೇಳುಗರೇ, ನಮಸ್ಕಾರ.

ಎಲೆಯೆಲ್ಲ ಉದುರಿ ಬೋಳಾದ ಮರವನ್ನು ಕಂಡರೆ, ಅಯ್ಯೋ ಒಣಗಿಹೋಯ್ತೇನೋ ಅನ್ನಿಸುತ್ತದೆ, ಅಲ್ವಾ? ಒಂದು ಕೊಂಬೆಯನ್ನು ಕೈಯಲ್ಲಿ ಹಿಡಿದು ನೋಡಿ. ಎಲೆ ಕಳಚಿದ ಕಡೆ ಸಣ್ಣ ಗಾಯದ ಗುರುತು ಇರುತ್ತದೆ. ಅದರ ಮೇಲೆಯೇ ಒಂದು ಪುಟ್ಟ ಉಬ್ಬು. ಅದು ಮೊಗ್ಗು. ಹೂವಿನದೇ ಆಗಬೇಕಿಲ್ಲ, ಎಲೆಗೂ ಮೊಗ್ಗು ಇದೆ. ಚಳಿ ನಾಡಿನ ಎಷ್ಟೋ ಮರಗಳಲ್ಲಿ ಅದರ ಮೈಮೇಲೆ ಗಟ್ಟಿ ಸಿಪ್ಪೆಗಳು, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು. ಉದ್ದಕ್ಕೆ ಸೀಳಿದರೆ ಒಳಗೆ ಮುಂದಿನ ವಸಂತದ ಎಲೆಗಳು ಮಡಚಿಕೊಂಡು ಕೂತಿರುತ್ತವೆ. ಇವನ್ನು ಮರ ಚಳಿಗಾಲದಲ್ಲಿ ಮಾಡಿದ್ದಲ್ಲ. ಬಿಸಿಲು, ನೀರು ಚೆನ್ನಾಗಿದ್ದಾಗಲೇ ಮಾಡಿಟ್ಟುಕೊಂಡಿದ್ದು.

ಹಾಗಾದರೆ ಚಳಿಯ ನಡುವೆ ನಾಲ್ಕು ದಿನ ಬಿಸಿಲು ಬಂದರೆ ಮೊಗ್ಗು ಮೋಸಹೋಗಿ ಒಡೆಯುವುದಿಲ್ಲವೇ? ಸಾಮಾನ್ಯವಾಗಿ ಇಲ್ಲ. ಸೇಬಿನಂಥ ಮರಗಳ ಮೊಗ್ಗಿಗೆ ಮೊದಲು ಹಲವು ವಾರಗಳ ಚಳಿ ತಾಗಬೇಕು. ಆಮೇಲೆ ಬಂದ ಬಿಸಿಗೆ ಮಾತ್ರ ಅದು ಕಣ್ಣು ಬಿಡುತ್ತದೆ.

20ನೇ ಶತಮಾನದ ಆರಂಭದಲ್ಲಿ ಡೆನ್ಮಾರ್ಕಿನ ಸಸ್ಯವಿಜ್ಞಾನಿ ಕ್ರಿಸ್ಟೆನ್ ರೌಂಕಿಯರ್ ಗಿಡಗಳನ್ನು ವಿಂಗಡಿಸಲು ಹೊಸ ದಾರಿ ಹಿಡಿದರು. ಕಷ್ಟದ ಕಾಲದಲ್ಲಿ ಈ ಗಿಡ ಮೊಗ್ಗನ್ನು ಎಲ್ಲಿ ಇಟ್ಟುಕೊಳ್ಳುತ್ತದೆ? ಅವರು ಕೇಳಿದ್ದು ಅಷ್ಟೇ. ಎಷ್ಟು ಸರಳ, ಎಷ್ಟು ಆಳ! ಮರಗಳು ಮೊಗ್ಗನ್ನು ಗಾಳಿಗೊಡ್ಡಿ ಎತ್ತರದಲ್ಲಿ ಇಡುತ್ತವೆ. ಕೆಲವು ಕುರುಚಲು ಗಿಡಗಳದ್ದು ನೆಲದಿಂದ 25 ಸೆಂಟಿಮೀಟರಿನೊಳಗೆ. ಅನೇಕ ಹುಲ್ಲುಗಳದ್ದು ನೆಲಮಟ್ಟದಲ್ಲಿ, ಒಣಗಿದ ಎಲೆಗಳ ಮರೆಯಲ್ಲಿ. ಗೆಡ್ಡೆಯ ಗಿಡಗಳದ್ದು ಮಣ್ಣಿನೊಳಗೆ. ಒಂದೇ ಋತು ಬಾಳುವ ಗಿಡಗಳಂತೂ ಮೊಗ್ಗಿನ ಗೊಡವೆಗೇ ಹೋಗದೆ ಬೀಜವಾಗಿ ಕಾಯುತ್ತವೆ.

ಆಲೂಗಡ್ಡೆಯ 'ಕಣ್ಣು' ಅಂತೀವಲ್ಲ, ಅದೂ ಮೊಗ್ಗೇ. ಆಲೂಗಡ್ಡೆ ಬೇರಲ್ಲ, ಮಣ್ಣಿನೊಳಗೆ ದಪ್ಪವಾದ ಕಾಂಡ. ಒಂದು ಕಣ್ಣಿನಲ್ಲಿ ಒಂದಕ್ಕಿಂತ ಜಾಸ್ತಿ ಮೊಗ್ಗುಗಳಿರುತ್ತವೆ. ಮೊದಲ ಮೊಳಕೆ ಮುರಿದರೆ ಅದೇ ಕಣ್ಣಿನಿಂದ ಇನ್ನೊಂದು ಬರಬಹುದು.

ನನಗೆ ತುಂಬ ಇಷ್ಟವಾದದ್ದು ಆಸ್ಟ್ರೇಲಿಯಾದ ನೀಲಗಿರಿ ಮರಗಳ ಕತೆ. ಕಾಡಿಗೆ ಬೆಂಕಿ ಬಿದ್ದು ಕಾಂಡ ಕರಿ ಇದ್ದಿಲಾಗುತ್ತದೆ. ಎಲೆ ಒಂದೂ ಉಳಿಯುವುದಿಲ್ಲ. ಆದರೆ ದಪ್ಪ ತೊಗಟೆಯ ಆಳದಲ್ಲಿ ಮೊಗ್ಗು ಹುಟ್ಟಿಸುವ ಜೀವಕೋಶಗಳು ಬದುಕಿರುತ್ತವೆ. ಕೆಲವು ವಾರ ಕಳೆಯುವಷ್ಟರಲ್ಲಿ ಬುಡದಿಂದ ಮೇಲಿನವರೆಗೆ, ಕಪ್ಪು ಕಾಂಡದ ಉದ್ದಕ್ಕೂ ಚಿಗುರಿನ ಗೊಂಚಲುಗಳು ಸಿಡಿದೇಳುತ್ತವೆ.

ಸತ್ತಿದೆ ಅಂದುಕೊಂಡು ಬದುಕಿರುವ ಗಿಡವನ್ನೇ ಕಡಿದುಬಿಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕೊಡಲಿ ಎತ್ತುವ ಮುಂಚೆ ಎಳೆ ಕೊಂಬೆಯನ್ನು ಉಗುರಿನಿಂದ ಸುಮ್ನೆ ಒಂಚೂರು ಕೆರೆದು ನೋಡಿ. ಸಿಪ್ಪೆಯ ಕೆಳಗೆ ಹಸಿ, ಹಸಿರು ಕಂಡರೆ ಆ ಕೊಂಬೆಗೆ ಜೀವ ಇದೆ. ಕಾಣದಿದ್ದರೆ ಇನ್ನೂ ಕೆಳಗೆ, ಬುಡದ ಹತ್ತಿರ ಕೆರೆದು ನೋಡಿ.

ನಮಸ್ಕಾರ.