ಮುಗಿಸದಿದ್ದರೆ ಅಪರಾಧ: ಕೊಳ್ಳುಬಾಕತನಕ್ಕೆ ಹೆದರಿದ ಕಥೆಗಳು

[ತೆರೆಯ ಮೇಲೆ: ಒಂದರ ಮೇಲೊಂದು ಪೇರಿಸಿಟ್ಟ, ಇನ್ನೂ ಬಿಚ್ಚದ ಪೆಟ್ಟಿಗೆಗಳು]

ನಮಸ್ಕಾರ. ಇವತ್ತು ಒಬ್ಬ ಬಡವನಿಂದ ಶುರು ಮಾಡೋಣ. ಹೆಸರು ಮೋರಿ ಫ್ರೈ. ಬಡವ, ಹಾಗಾಗಿ ಅವನದು ದೊಡ್ಡ ಬಂಗಲೆ. ಬಡವ, ಹಾಗಾಗಿ ಮನೆ ತುಂಬ ರೋಬಾಟ್ ಆಳುಗಳು, ಬೀರು ತುಂಬ ಬಟ್ಟೆ, ಹೊತ್ತು ಹೊತ್ತಿಗೂ ಭರ್ಜರಿ ಊಟ. ಹೊಸದಾಗಿ ಮದುವೆಯಾಗಿ ಬಂದ ಹೆಂಡತಿ ಚೆರಿ ಶ್ರೀಮಂತರ ಮನೆಯವಳು. ಚಿಕ್ಕ ಮನೆಯಲ್ಲಿ, ಕಡಿಮೆ ಸಾಮಾನಿನ ನಡುವೆ ಬೆಳೆದವಳು. ಗಂಡನ ಮನೆಯ ಈ ಬಡತನ ಅವಳಿಗೆ ತಡೆಯಲಾಗುವುದಿಲ್ಲ.

ಉಲ್ಟಾ ಹೇಳುತ್ತಿದ್ದಾನೆ ಅಂದುಕೊಳ್ಳಬೇಡಿ. ಅಮೆರಿಕದ ಫ್ರೆಡರಿಕ್ ಪೋಲ್ 1954ರಲ್ಲಿ ಬರೆದ ‘ದಿ ಮೈಡಸ್ ಪ್ಲೇಗ್’ ಕಥೆ ಇರುವುದೇ ಹೀಗೆ. ಕಾರ್ಖಾನೆಗಳನ್ನು ರೋಬಾಟ್‌ಗಳು ನಡೆಸುತ್ತಿವೆ. ಸಾಮಾನು ಬಂದು ಬೀಳುತ್ತಲೇ ಇದೆ. ನಿಲ್ಲಿಸುವ ಹಾಗಿಲ್ಲ. ಹಾಗಾದರೆ ಇದನ್ನೆಲ್ಲ ಮುಗಿಸುವವರು ಯಾರು? ಬಡವರು. ಅವರ ಕೈಯಲ್ಲಿ ರೇಷನ್ ಪುಸ್ತಕ ಇದೆ. ‘ಇಷ್ಟು ಸಿಗುತ್ತದೆ’ ಎಂದು ಹೇಳುವ ಪುಸ್ತಕ ಅಲ್ಲ, ‘ಇಷ್ಟು ಮುಗಿಸಲೇಬೇಕು’ ಎಂದು ಹೇಳುವ ಪುಸ್ತಕ. ಸುಮ್ನೆ ಬಿಸಾಡಿದರೆ ನಡೆಯುವುದಿಲ್ಲ, ಬಳಸಿ ಸವೆಸಬೇಕು. ಮೇಲಿನ ದರ್ಜೆಗೆ ಏರಿದಷ್ಟೂ ಕಡಿಮೆ ತಿನ್ನುವ, ಜಾಸ್ತಿ ಕೆಲಸ ಮಾಡುವ ಭಾಗ್ಯ.

ಮೋರಿ ಏನು ಮಾಡುತ್ತಾನೆ ಗೊತ್ತಾ? ಮನೆಯ ರೋಬಾಟ್‌ಗಳಿಗೇ ಬಟ್ಟೆ ತೊಡಿಸಿ, ಸಾಮಾನು ಕೊಟ್ಟು, ಗುಟ್ಟಾಗಿ ಎಲ್ಲವನ್ನೂ ಸವೆಸಲು ಹಚ್ಚುತ್ತಾನೆ. ಸಿಕ್ಕಿಬಿದ್ದಾಗ ಜೈಲೇ ಗತಿ ಅಂದುಕೊಂಡಿರುತ್ತಾನೆ. ಸರ್ಕಾರ ಅವನನ್ನು ಹೊಗಳುತ್ತದೆ. ರೋಬಾಟ್ ತಯಾರಿಸಲಿ, ರೋಬಾಟೇ ಸವೆಸಲಿ. ಎಲ್ಲರ ಸಮಸ್ಯೆ ಬಗೆಹರಿಯಿತು! ಮೊದಲೇ ಕಡಿಮೆ ತಯಾರಿಸಿದ್ದರೆ ಆಗುತ್ತಿರಲಿಲ್ಲವಾ ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಡಿಸ್ಟೋಪಿಯಾ ಕಥೆ, ಅಂದರೆ ಕೆಟ್ಟುಹೋದ ಭವಿಷ್ಯದ ಕಥೆ, ಅಂದ ಕೂಡಲೇ ನಮಗೆ ನೆನಪಾಗುವುದು ಸರ್ವಾಧಿಕಾರಿ, ಪೊಲೀಸು, ಗೋಡೆಗೆ ಕಿವಿ, ಹಸಿವು. ಅಲ್ಲಿ ಭಯ ಇರುವುದು ಕಿತ್ತುಕೊಳ್ಳುವವರ ಬಗ್ಗೆ. ಆದರೆ ಇನ್ನೊಂದು ಬಗೆಯ ಕಥೆಗಳಿವೆ. ಅಲ್ಲಿ ಭಯ ಕೊಡುವವರ ಬಗ್ಗೆ. ತಗೋ, ಇನ್ನೂ ತಗೋ, ಬೇಡ ಅನ್ನುವ ಹಾಗಿಲ್ಲ. ಕೊಳ್ಳುವುದು ಆಸೆಯಾಗಿ ಉಳಿಯದೆ ಡ್ಯೂಟಿ ಆದರೆ ಏನಾಗುತ್ತದೆ ಎಂದು ಕೇಳುವ ಕಥೆಗಳು ಇವು.

[ತೆರೆಯ ಮೇಲೆ: 1932]

ಈ ಸಾಲಿನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಆಲ್ಡಸ್ ಹಕ್ಸ್‌ಲಿಯವರ ‘ಬ್ರೇವ್ ನ್ಯೂ ವರ್ಲ್ಡ್’. ಈ ಕಾದಂಬರಿ ಅಂದರೆ ಜನ ಹೇಳುವುದು ಬಾಟಲಿಯಲ್ಲಿ ಬೆಳೆಯುವ ಶಿಶುಗಳ ಬಗ್ಗೆ, ದುಃಖ ಮರೆಸುವ ‘ಸೋಮ’ ಮಾತ್ರೆಯ ಬಗ್ಗೆ. ಆದರೆ ಅದರ ಕೊಳ್ಳುಬಾಕ ಲೆಕ್ಕಾಚಾರ ನೋಡಿದರೆ ಬೆನ್ನಲ್ಲಿ ಚಳಿ ಹುಟ್ಟುತ್ತದೆ.

1925-26ರಲ್ಲಿ ಹಕ್ಸ್‌ಲಿ ಭಾರತ ಸುತ್ತಿ, ಪೂರ್ವ ಏಷ್ಯಾದ ಮೂಲಕ ಅಮೆರಿಕಕ್ಕೆ ಹೋದರು. ಆ ಪ್ರಯಾಣದಲ್ಲೇ ಹಡಗಿನಲ್ಲಿ ಅವರ ಕೈಗೆ ಹೆನ್ರಿ ಫೋರ್ಡ್ ಬರೆದ ಪುಸ್ತಕ ಸಿಕ್ಕಿತು. ಫೋರ್ಡ್ ಯಾರು ಅನ್ನುವುದು ನಿಮಗೆ ಗೊತ್ತೇ ಇದೆ. 1908ರಲ್ಲಿ ಮಾಡೆಲ್ ಟಿ ಕಾರು ತಂದವರು, 1913ರಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಶುರು ಮಾಡಿದವರು. 1927ರಲ್ಲಿ ಆ ಕಾರು ನಿಲ್ಲುವ ಹೊತ್ತಿಗೆ 1.5 ಕೋಟಿ ತಯಾರಾಗಿದ್ದವು. ಹಕ್ಸ್‌ಲಿಯವರ ಲೋಕದಲ್ಲಿ ಫೋರ್ಡೇ ದೇವರು. ಶಿಲುಬೆಗಳ ತುದಿ ಕತ್ತರಿಸಿ ‘ಟಿ’ ಆಕಾರ ಮಾಡಿಟ್ಟಿದ್ದಾರೆ. ಶಕೆ ಎಣಿಸುವುದೂ ಫೋರ್ಡನಿಂದಲೇ. ಕಥೆ ನಡೆಯುವುದು ಫೋರ್ಡ್ ಶಕೆ 632ರಲ್ಲಿ.

ಅಲ್ಲೊಂದು ದೃಶ್ಯ. ಕೆಳದರ್ಜೆಯ ಎಳೆ ಮಕ್ಕಳ ಮುಂದೆ ಗುಲಾಬಿ ಹೂವು, ಚಿತ್ರದ ಪುಸ್ತಕ ಇಡುತ್ತಾರೆ. ಮಕ್ಕಳು ಅಂಬೆಗಾಲಿಟ್ಟು ಹೋಗಿ ಮುಟ್ಟಿದ ಕೂಡಲೇ ಸೈರನ್, ಆಮೇಲೆ ಕರೆಂಟ್ ಶಾಕ್. ಮತ್ತೆ ಮತ್ತೆ ಇದೇ. ಪುಸ್ತಕದ ಮೇಲೆ ಸಿಟ್ಟು ಯಾಕೆ ಅನ್ನುವುದು ಅರ್ಥವಾಗುತ್ತದೆ. ಹೂವಿನ ಮೇಲೆ ಯಾಕೆ?

ಶಿಶುಗಳನ್ನು ತಯಾರಿಸುವ ಆ ಕೇಂದ್ರದ ನಿರ್ದೇಶಕ ಅದಕ್ಕೂ ಕಾರಣ ಕೊಡುತ್ತಾನೆ. ಹಿಂದೆ ಇವರಿಗೆ ಹೂವು, ಹಸಿರು ಇಷ್ಟವಾಗುವ ಹಾಗೆ ತರಬೇತಿ ಕೊಡುತ್ತಿದ್ದರಂತೆ. ಊರ ಹೊರಗೆ ಹೋಗುತ್ತಾರೆ, ಟಿಕೆಟ್ ಖರ್ಚಾಗುತ್ತದೆ ಎನ್ನುವ ಲೆಕ್ಕ. ಆದರೆ ಜನ ಅಲ್ಲಿಗೆ ಹೋಗಿ ಸುಮ್ನೆ ಹೂವು ನೋಡಿಕೊಂಡು ಬರುತ್ತಿದ್ದರು. ಹೂವು ನೋಡುವುದು ಪುಕ್ಕಟೆ. ಪುಕ್ಕಟೆ ಸಿಗುವ ಸಂತೋಷದಿಂದ ಯಾವ ಕಾರ್ಖಾನೆಯೂ ನಡೆಯುವುದಿಲ್ಲ. ಹಾಗಾಗಿ ಹೊಸ ವ್ಯವಸ್ಥೆ: ಹೂವು ಕಂಡರೆ ಆಗಬಾರದು, ಆದರೆ ಊರ ಹೊರಗೆ ಆಡುವ ಆಟಗಳು ಇಷ್ಟವಾಗಬೇಕು. ಆ ಆಟಗಳಿಗೆ ರಾಶಿ ಸಲಕರಣೆ ಬೇಕು. ಈಗ ಟಿಕೆಟ್ ದುಡ್ಡೂ ಬಂತು, ಸಲಕರಣೆ ದುಡ್ಡೂ ಬಂತು. ಹೊಸ ಆಟ ಯಾವುದೇ ಬರಲಿ, ಈಗಿರುವ ಆಟಗಳಷ್ಟಾದರೂ ಸಾಮಾನು ಬೇಡದಿದ್ದರೆ ಅನುಮತಿಯೇ ಇಲ್ಲ. ಅಂದರೆ ಲಗೋರಿ, ಕುಂಟೆಬಿಲ್ಲೆ ಆಡಿದರೆ ಅಲ್ಲಿ ಕೇಸು.

ಮಲಗಿದ ಮಕ್ಕಳ ಕಿವಿಯಲ್ಲಿ ರಾತ್ರಿಯೆಲ್ಲ ಒಂದು ಪಾಠ ಓಡುತ್ತಿರುತ್ತದೆ: ಹರಿದದ್ದನ್ನು ಹೊಲಿಯಬೇಡ, ಬಿಸಾಡಿ ಹೊಸದು ತಗೋ, ಹೊಲಿಗೆ ಜಾಸ್ತಿಯಾದಷ್ಟೂ ಸಿರಿ ಕಡಿಮೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ ಪದರ ಪದರ ಜೋಡಿಸಿ ಕೌದಿ ಹೊಲಿಯುವ ಅಜ್ಜಿಯರನ್ನು ಆ ಊರಿಗೆ ಬಿಟ್ಟರೆ ದೇಶದ್ರೋಹದ ಕೇಸೇ ಬೀಳಬಹುದು. ನಾನು ತಮಾಷೆಗೆ ಹೇಳುತ್ತಿದ್ದೇನೆ. ಹಕ್ಸ್‌ಲಿ ತಮಾಷೆ ಮಾಡುತ್ತಿಲ್ಲ. ವರ್ಷಕ್ಕೆ ಇಷ್ಟು ಕೊಳ್ಳಲೇಬೇಕು ಎಂಬ ಕಾನೂನು ಬಂದಾಗ, ಸರಳವಾಗಿ ಬದುಕುತ್ತೇವೆ ಎಂದು ಹಟ ಹಿಡಿದ 800 ಜನರನ್ನು ಅಲ್ಲಿ ಮೆಷಿನ್‌ಗನ್‌ನಿಂದ ಉರುಳಿಸುತ್ತಾರೆ. ಕಾದಂಬರಿಯಲ್ಲಿ ಇದಕ್ಕೆ ಹೆಚ್ಚು ಜಾಗವೂ ಇಲ್ಲ. ಹೀಗೆ ಹೇಳಿ ಹಾಗೆ ಮುಂದೆ ಹೋಗುತ್ತದೆ.

ಇದೆಲ್ಲ ಅತಿಯಾಯಿತು ಅನಿಸುತ್ತದೆ, ಅಲ್ವಾ? ಅದೇ 1932ರಲ್ಲಿ ನ್ಯೂಯಾರ್ಕಿನಲ್ಲಿ ಬರ್ನಾರ್ಡ್ ಲಂಡನ್ ಎಂಬ ರಿಯಲ್ ಎಸ್ಟೇಟ್ ದಲ್ಲಾಳಿ ಒಂದು ಕಿರುಪುಸ್ತಕ ತಂದರು. ಮಹಾ ಆರ್ಥಿಕ ಕುಸಿತದ ಕಾಲ. ಜನ ಹಳೆ ಸಾಮಾನನ್ನೇ ಬಳಸುತ್ತಿದ್ದಾರೆ, ಅದಕ್ಕೇ ಕಾರ್ಖಾನೆಗಳಿಗೆ ಕೆಲಸ ಇಲ್ಲ ಎನ್ನುವುದು ಅವರ ವಾದ. ಪರಿಹಾರ? ಚಪ್ಪಲಿಯಿಂದ ಮನೆಯವರೆಗೆ ಪ್ರತಿ ವಸ್ತುವಿಗೂ ಸರ್ಕಾರವೇ ಆಯಸ್ಸು ಬರೆಯಬೇಕು. ಅವಧಿ ಮುಗಿದರೆ ಆ ವಸ್ತು ಕಾನೂನಿನ ಪ್ರಕಾರ ಸತ್ತ ಹಾಗೆ. ಆಮೇಲೂ ಇಟ್ಟುಕೊಂಡರೆ ತೆರಿಗೆ. ಇದು ವ್ಯಂಗ್ಯ ಅಲ್ಲ, ಅವರು ಮನಸಾರೆ ಕೊಟ್ಟ ಸಲಹೆ. ಯಾವ ಸರ್ಕಾರವೂ ಅದನ್ನು ಜಾರಿಗೆ ತರಲಿಲ್ಲ. ತರುವ ಅಗತ್ಯವೂ ಬೀಳಲಿಲ್ಲ. ಅದಕ್ಕೆ ಎಂಟು ವರ್ಷ ಮೊದಲೇ, 1924ರಲ್ಲಿ, ಬಲ್ಬ್ ತಯಾರಿಸುವ ದೊಡ್ಡ ಕಂಪನಿಗಳು ಜಿನೀವಾದಲ್ಲಿ ಫೀಬಸ್ ಎಂಬ ಕೂಟ ಕಟ್ಟಿಕೊಂಡು, ಬಲ್ಬಿನ ಆಯಸ್ಸು 1,000 ಗಂಟೆ ಮೀರಬಾರದು ಎಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದವು. ಜಾಸ್ತಿ ಉರಿಯುವ ಬಲ್ಬ್ ಮಾಡಿದವರಿಗೆ ದಂಡ.

[ತೆರೆಯ ಮೇಲೆ: ಮಗ್, ಕುರುಕಲು ತಿಂಡಿ, ತಂಪು ಪಾನೀಯ, ಸಿಗರೇಟು, ವೃತ್ತಾಕಾರದಲ್ಲಿ]

ನನಗೆ ಇವೆಲ್ಲಕ್ಕಿಂತ ಜಾಸ್ತಿ ಇಷ್ಟವಾದ ಕಾದಂಬರಿ ಇನ್ನೊಂದಿದೆ. ನಮ್ಮಲ್ಲಿ ಅದರ ಬಗ್ಗೆ ಮಾತು ಕಡಿಮೆ. ‘ದಿ ಸ್ಪೇಸ್ ಮರ್ಚೆಂಟ್ಸ್’, 1953. ಬರೆದವರು ಅದೇ ಫ್ರೆಡರಿಕ್ ಪೋಲ್, ಜೊತೆಗೆ ಸಿ. ಎಂ. ಕಾರ್ನ್‌ಬ್ಲತ್. ಪೋಲ್ ಸ್ವಲ್ಪ ಕಾಲ ಜಾಹೀರಾತು ಬರೆಯುವ ಕೆಲಸ ಮಾಡಿದ್ದವರು. ಅಡುಗೆ ಮನೆಯ ಒಳಗೆ ಹೋಗಿ ಬಂದವರ ಬರವಣಿಗೆ ಅನ್ನುವುದು ಓದಿದರೆ ತಿಳಿಯುತ್ತದೆ.

ಇಲ್ಲಿ ದೇಶ ಆಳುವವು ಜಾಹೀರಾತು ಕಂಪನಿಗಳು. ಸೆನೆಟರ್‌ಗಳು ರಾಜ್ಯಗಳ ಪ್ರತಿನಿಧಿಗಳಲ್ಲ, ಕಂಪನಿಗಳ ಪ್ರತಿನಿಧಿಗಳು. ಜನ ಎಷ್ಟಿದ್ದಾರೆ ಅಂದರೆ ರಾತ್ರಿ ಮಲಗಲು ದೊಡ್ಡ ಕಟ್ಟಡಗಳ ಮೆಟ್ಟಿಲುಗಳನ್ನು ಬಾಡಿಗೆಗೆ ಕೊಡುತ್ತಾರೆ. ನಾಯಕ ಮಿಚೆಲ್ ಕೋರ್ಟ್ನಿ ದೊಡ್ಡ ಕಂಪನಿಯೊಂದರ ಪ್ರಚಂಡ ಜಾಹೀರಾತು ಬರಹಗಾರ. ಮನುಷ್ಯ ಬದುಕಲಾಗದ ಶುಕ್ರ ಗ್ರಹವನ್ನು ಜನರಿಗೆ ಮಾರುವುದು ಅವನಿಗೆ ಸಿಕ್ಕ ಹೊಸ ಕೆಲಸ.

ಅವನ ಕಂಪನಿಯ ಹೆಮ್ಮೆಯ ಸರಕು ಕಾಫಿಯೆಸ್ಟ್ ಎನ್ನುವ ಪೇಯ. ಸ್ಯಾಂಪಲ್‌ನಲ್ಲಿ ಸ್ವಲ್ಪವೇ ಸ್ವಲ್ಪ ಚಟ ಹತ್ತಿಸುವ ಪದಾರ್ಥ. ಹತ್ತು ವಾರ ಕುಡಿದರೆ ಗಿರಾಕಿ ಜೀವನಪೂರ್ತಿ ನಿಮ್ಮವನು. ಚಟ ಬಿಡಿಸುವ ಚಿಕಿತ್ಸೆಗೆ ಭಾರಿ ಖರ್ಚು. ಅದಕ್ಕಿಂತ ಕುಡಿಯುತ್ತಾ ಹೋಗುವುದೇ ಅಗ್ಗ. ಇದನ್ನು ಮೀಟಿಂಗಿನಲ್ಲಿ ಯಾರೂ ನಾಚಿಕೊಂಡು ಹೇಳುವುದಿಲ್ಲ. ಸಾಧನೆ ಎಂದು ಹೇಳುತ್ತಾರೆ.

ಆಮೇಲೆ ಕೋರ್ಟ್ನಿಯ ಗ್ರಹಚಾರ ಕೆಡುತ್ತದೆ. ಯಾರೋ ಅವನ ಗುರುತನ್ನೇ ಅಳಿಸಿ, ಕೂಲಿಯವರ ಗುಂಪಿನಲ್ಲಿ ಸೇರಿಸಿ ಕೋಸ್ಟರಿಕಾದ ಪ್ಲಾಂಟೇಶನ್‌ಗೆ ಸಾಗಿಸುತ್ತಾರೆ. ಕಾದಂಬರಿಯ ಜೀವ ಇರುವುದು ಇಲ್ಲಿ. ಕ್ರಂಚೀಸ್ ತಿಂದರೆ ಒಂಥರಾ ಚಡಪಡಿಕೆ, ಅದು ತಣಿಯಬೇಕಾದರೆ ಪಾಪ್ಸಿ ಕುಡಿಯಬೇಕು. ಪಾಪ್ಸಿ ಕುಡಿದರೆ ಸ್ಟಾರ್ ಸಿಗರೇಟು ಬೇಕು. ಸಿಗರೇಟು ಸೇದಿದರೆ ಮತ್ತೆ ಕ್ರಂಚೀಸ್ ಬೇಕು. ಈ ಮೂರನ್ನೂ ಒಂದಕ್ಕೊಂದು ಗಂಟು ಹಾಕಿದ್ದು ಇವನದೇ ವೃತ್ತಿಯವರು. ಸಂಬಳ ಸಾಲದು, ಸಾಲ ಸಲೀಸಾಗಿ ಸಿಗುತ್ತದೆ. ಕರಾರು ಮುಗಿಯುವ ಹೊತ್ತಿಗೆ ಸಾಲ ಬೆಳೆದಿರುತ್ತದೆ, ಅದು ತೀರುವವರೆಗೆ ದುಡಿಯಬೇಕು, ದುಡಿಯುವಾಗ ಇನ್ನೊಂದು ಸಾಲ ಹುಟ್ಟುತ್ತದೆ. ಇದು ನಮಗೆ ಹೊಸ ಕಥೆಯೇನಲ್ಲ. ಇದರ ಹೆಸರು ಜೀತ. ಭಾರತದಲ್ಲಿ ಜೀತ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಪೋಲ್ ಮತ್ತು ಕಾರ್ನ್‌ಬ್ಲತ್ ಇಲ್ಲಿ ಸಾಲವನ್ನೂ ಚಟವನ್ನೂ ಒಂದೇ ಯಂತ್ರದ ಎರಡು ಹಲ್ಲುಗಾಲಿಗಳಾಗಿ ತೋರಿಸುತ್ತಾರೆ.

ಇಷ್ಟಾದರೂ ಕೋರ್ಟ್ನಿಗೆ ಬುದ್ಧಿ ಬರುತ್ತದಾ? ಬೇಗ ಬರುವುದಿಲ್ಲ. ಪರಿಸರ ಉಳಿಸಬೇಕು ಅನ್ನುವ ನಿಷೇಧಿತ ಗುಂಪೊಂದು ಅವನನ್ನು ಸೇರಿಸಿಕೊಳ್ಳುತ್ತದೆ. ಅವರ ಕರಪತ್ರ ನೋಡಿ ಇವನಿಗೆ ಮೊದಲು ಅನಿಸುವುದು, ‘ಅಯ್ಯೋ, ಎಷ್ಟು ಕೆಟ್ಟದಾಗಿ ಬರೆದಿದ್ದಾರೆ!’ ಕೂತು ತಿದ್ದುತ್ತಾನೆ. ಜಾಹೀರಾತಿನ ವಿರುದ್ಧದ ಹೋರಾಟಕ್ಕೂ ಒಳ್ಳೆ ಜಾಹೀರಾತು ಬೇಕು ಅನ್ನುವ ಈ ಕುಹಕ ನನಗೆ ತುಂಬಾ ಇಷ್ಟ.

1955ರಲ್ಲಿ ವಿಕ್ಟರ್ ಲೆಬೋ ಎಂಬವರು ಚಿಲ್ಲರೆ ವ್ಯಾಪಾರದ ಬಗೆಗಿನ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬರೆದರು. ನಮ್ಮ ಉತ್ಪಾದನೆ ಇಷ್ಟು ಬೆಳೆದಿರುವಾಗ ಕೊಳ್ಳುವುದೇ ಬದುಕಿನ ಕ್ರಮವಾಗಬೇಕು. ವಸ್ತುಗಳು ಇನ್ನೂ ವೇಗವಾಗಿ ಸವೆಯಬೇಕು, ಸುಡಬೇಕು, ಬಿಸಾಡಲ್ಪಡಬೇಕು ಎನ್ನುವುದು ಅದರ ಸಾರ. ಪೋಲ್ ಅವರ ರೇಷನ್ ಪುಸ್ತಕ ಬಂದು ಆಗ ಬರೀ ಒಂದು ವರ್ಷ.

ಜೆ. ಜಿ. ಬಲಾರ್ಡ್ 1963ರಲ್ಲಿ ಬರೆದ ‘ದಿ ಸಬ್‌ಲಿಮಿನಲ್ ಮ್ಯಾನ್’ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹೆದ್ದಾರಿ ಪಕ್ಕದ ದೈತ್ಯ ಫಲಕಗಳು ಕಣ್ಣಿಗೆ ಕಾಣದ ವೇಗದಲ್ಲಿ ‘ಈಗಲೇ ಕೊಳ್ಳಿ’ ಎಂದು ಮಿಂಚುತ್ತಿರುತ್ತವೆ. ಹ್ಯಾಥವೇ ಎಂಬವನು ಫಲಕ ಹತ್ತಿ ಆ ಮಾತುಗಳನ್ನು ಎಲ್ಲರಿಗೂ ಕಾಣಿಸುತ್ತಾನೆ, ಪೊಲೀಸರು ಅವನಿಗೆ ಗುಂಡು ಹಾರಿಸುತ್ತಾರೆ. ಇದರ ಹಿಂದೆ ನಿಜವಾದ ಗದ್ದಲವೊಂದಿತ್ತು. 1957ರಲ್ಲಿ ಜೇಮ್ಸ್ ವಿಕರಿ ಎಂಬ ಮಾರುಕಟ್ಟೆ ಸಂಶೋಧಕ, ಸಿನಿಮಾ ನಡುವೆ ಹೀಗೆ ಮಿಂಚಿಸಿ ಪಾಪ್‌ಕಾರ್ನ್ ಮಾರಾಟ ಹೆಚ್ಚಿಸಿದೆ ಎಂದಿದ್ದರು. 1962ರಲ್ಲಿ, ಅದಕ್ಕೆ ಸರಿಯಾದ ಆಧಾರ ಇರಲಿಲ್ಲ ಎಂದು ಅವರೇ ಒಪ್ಪಿಕೊಂಡರು. ನಿಜ ಹೇಳಬೇಕೆಂದರೆ ಕದ್ದುಮುಚ್ಚಿ ಮಿಂಚಿಸುವ ಅಗತ್ಯವೇ ಇಲ್ಲ. ಈ ವಿಡಿಯೋದ ನಡುವೆ ಬರುವ ಜಾಹೀರಾತು ರಾಜಾರೋಷವಾಗಿಯೇ ಬರುತ್ತದೆ.

ಈ ಬಗೆಯ ಎಲ್ಲ ಕಥೆಗಳೂ ಒಂದೇ ತೂಕದವಲ್ಲ. 2008ರ ‘ವಾಲ್-ಇ’ ಸಿನಿಮಾ ನೋಡಿ. ಕಸ ತುಂಬಿದ ಭೂಮಿ, ಎಲ್ಲವನ್ನೂ ಮಾರುವ ಒಂದೇ ಕಂಪನಿ, ಬಾಹ್ಯಾಕಾಶದ ಹಡಗಿನಲ್ಲಿ ಕುರ್ಚಿ ಬಿಟ್ಟೇಳದ ದಪ್ಪ ಜನ. ಮೊದಲ ಅರ್ಧ ಗಂಟೆ ಅದ್ಭುತ. ಆಮೇಲೆ ನಗುವೆಲ್ಲ ಆ ಜನರ ಮೈಯ ಮೇಲೆ ಹೋಗುತ್ತದೆ, ಕಂಪನಿ ಮರೆಗೆ ಸರಿಯುತ್ತದೆ. ಗಿರಾಕಿಯನ್ನು ಸೋಮಾರಿ, ದುರಾಸೆಯವ ಎಂದು ಬೈಯುವುದು ಸುಲಭ. ಅವನ ಹಸಿವನ್ನು ತಯಾರಿಸಿದವರು ಯಾರು, ಲಾಭ ಯಾರಿಗೆ ಎಂದು ಬಿಡಿಸಿ ತೋರಿಸುವುದು ಕಷ್ಟ. ಕಾಫಿಯೆಸ್ಟ್ ಮೀಟಿಂಗ್ ಅದನ್ನು ಎರಡೇ ಪುಟದಲ್ಲಿ ಮಾಡುತ್ತದೆ.

ಇನ್ನೊಂದು ತೊಡಕು. ಈ ಕಥೆಗಳೂ ಸರಕೇ. ಜಾನ್ ಕಾರ್ಪೆಂಟರ್ ಅವರ 1988ರ ‘ದೇ ಲಿವ್’ ಸಿನಿಮಾದಲ್ಲಿ ವಿಶೇಷ ಕನ್ನಡಕ ಹಾಕಿದರೆ ಜಾಹೀರಾತು ಫಲಕಗಳ ನಿಜವಾದ ಮಾತು ಕಾಣುತ್ತದೆ: ‘ಒಬೇ’, ಅಂದರೆ ಹೇಳಿದಂತೆ ಕೇಳು. ಕಲಾವಿದ ಶೆಪರ್ಡ್ ಫೇರಿ ಆ ಮಾತನ್ನು ಬೀದಿ ಪೋಸ್ಟರ್‌ಗಳಿಗೆ ತಂದರು. ಈಗ ‘ಒಬೇ’ ಒಂದು ಬಟ್ಟೆ ಬ್ರ್ಯಾಂಡ್. ಟೀ ಶರ್ಟ್ ಸಿಗುತ್ತದೆ.

ಇದನ್ನೇ ವಸ್ತು ಮಾಡಿಕೊಂಡ ಕಥೆಯೂ ಇದೆ. ‘ಬ್ಲ್ಯಾಕ್ ಮಿರರ್’ ಸರಣಿಯ 2011ರ ‘ಫಿಫ್ಟೀನ್ ಮಿಲಿಯನ್ ಮೆರಿಟ್ಸ್’. ಜನ ದಿನವಿಡೀ ಸೈಕಲ್ ತುಳಿದು ಅಂಕ ಗಳಿಸುತ್ತಾರೆ. ಜಾಹೀರಾತು ಬೇಡ ಅಂದರೆ ಅಂಕ ಕಡಿತ. ಕಣ್ಣು ಮುಚ್ಚಿದರೆ ಅಲಾರಂ. ಬಿಂಗ್ ಎಂಬ ಹುಡುಗ ಗಾಜಿನ ಚೂರನ್ನು ತನ್ನ ಕುತ್ತಿಗೆಗೆ ಹಿಡಿದುಕೊಂಡು ಟೀವಿ ಸ್ಪರ್ಧೆಯ ವೇದಿಕೆಯಲ್ಲಿ ಇಡೀ ವ್ಯವಸ್ಥೆಗೆ ಬೈಯುತ್ತಾನೆ. ತೀರ್ಪುಗಾರರಿಗೆ ಬೈಗುಳ ಬಲು ಹಿಡಿಸುತ್ತದೆ. ಅವನಿಗೇ ಒಂದು ಕಾರ್ಯಕ್ರಮ ಕೊಡುತ್ತಾರೆ. ಅವನು ಒಪ್ಪಿಕೊಳ್ಳುತ್ತಾನೆ.

ಓದಬೇಕು ಅನಿಸಿದರೆ ‘ದಿ ಸ್ಪೇಸ್ ಮರ್ಚೆಂಟ್ಸ್’ನಿಂದ ಶುರು ಮಾಡಿ, ಅದು ಪತ್ತೇದಾರಿ ಕಾದಂಬರಿಯಂತೆ ಓಡುತ್ತದೆ. ‘ಬ್ರೇವ್ ನ್ಯೂ ವರ್ಲ್ಡ್’ ಹಿಡಿದವರು ಮೂರನೇ ಅಧ್ಯಾಯದಲ್ಲಿ ಕೈಬಿಡುವುದುಂಟು. ಅಲ್ಲಿ ಹಲವರ ಮಾತುಗಳು ಸಾಲು ಸಾಲಾಗಿ ಕಲಸಿಹೋಗುತ್ತವೆ. ತಾಳ್ಮೆಯಿಂದ ಓದಿ, ಆ 800 ಜನ ಬರುವುದು ಅದೇ ಅಧ್ಯಾಯದಲ್ಲಿ.