ಆರೈಕೆಯ ಪುಸ್ತಕದಲ್ಲಿ ಏನು ಬರೆದಿದೆ?

ನಮಸ್ಕಾರ ಕೇಳುಗರೇ. ಇವತ್ತು ಹೋಮ್ ಕೇರ್ ಬಗ್ಗೆ ಮಾತಾಡೋಣ. ಹಾಸಿಗೆ ಹಿಡಿದವರನ್ನು, ವಯಸ್ಸಾದವರನ್ನು, ಆಪರೇಷನ್ ಆಗಿ ಬಂದವರನ್ನು ಮನೆಯಲ್ಲೇ ಇಟ್ಟುಕೊಂಡು, ಹೊರಗಿನವರ ಸಹಾಯದಿಂದ ನೋಡಿಕೊಳ್ಳುವ ವಿಷಯ.

ನಮ್ಮ ಅಮ್ಮನಿಗೆ ಲಕ್ವ ಹೊಡೆದು, ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದು ಮೂರು ವಾರ ಆಗಿತ್ತು. ಹಗಲಿಗೊಬ್ಬರು, ರಾತ್ರಿಗೊಬ್ಬರು, ಇಬ್ಬರೂ ಒಂದೇ ಏಜೆನ್ಸಿ ಕಳಿಸಿದವರು. ಒಂದು ದಿನ ಹನ್ನೊಂದು ಗಂಟೆ ಹೊತ್ತಿಗೆ ಅಮ್ಮನನ್ನು ಎತ್ತಿ ಕೂರಿಸಿದರೆ ತಲೆ ನಿಲ್ಲುತ್ತಿಲ್ಲ, ಕಣ್ಣು ಕತ್ತಲೆ ಬರ್ತಿದೆ ಅನ್ನುತ್ತಾರೆ, ಮೈ ತಣ್ಣಗೆ ಬೆವರುತ್ತಿದೆ. ಬಿಪಿ ನೋಡಿದರೆ ಮೇಲಿನ ಅಂಕಿ 90ಕ್ಕಿಂತ ಕೆಳಗೆ. ಮಲಗಿಸಿ, ಕಾಲು ಮೇಲೆ ಮಾಡಿ, ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಕೇಳಿದ ಮೊದಲನೇ ಪ್ರಶ್ನೆ: ಬೆಳಿಗ್ಗೆ ಏನೇನು ಮಾತ್ರೆ ಕೊಟ್ಟಿದ್ದೀರಿ? ನನಗೆ ಉತ್ತರ ಗೊತ್ತಿರಲಿಲ್ಲ. ಸ್ಟ್ರಿಪ್ ತೆಗೆದು ಎಣಿಸಿದೆ. ಆರು ಮಾತ್ರೆ ಉಳಿದಿರಬೇಕಿತ್ತು, ಐದು ಇದ್ದವು. ಹಗಲಿನವರು ಬರುವುದು ತಡವಾಯಿತಲ್ಲ ಅಂತ ರಾತ್ರಿಯವರೇ ಬಿಪಿ ಮಾತ್ರೆ ಕೊಟ್ಟು ಹೋಗಿದ್ದರು. ಹಗಲಿನವರು ಬಂದವರೇ ಇನ್ನೊಂದು ಕೊಟ್ಟಿದ್ದರು. ಇಬ್ಬರ ಮನಸ್ಸೂ ಒಳ್ಳೆಯದೇ. ಆದರೆ ಕೊಟ್ಟಿದ್ದನ್ನು ಯಾರೂ ಬರೆದಿರಲಿಲ್ಲ.

ಸಂಜೆ ಹೊತ್ತಿಗೆ ಅಮ್ಮ ಸರಿಹೋದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಯೋಚನೆ ಮಾಡಿದಾಗ ಒಂದು ಸಂಗತಿ ಹೊಳೆಯಿತು. ಆಸ್ಪತ್ರೆಯಲ್ಲಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡುತ್ತಿರುತ್ತಾರೆ. ಡ್ಯೂಟಿ ಬದಲಾಗುವಾಗ ಈ ನರ್ಸ್ ಆ ನರ್ಸಿಗೆ ಹೇಳಿಯೇ ಹೋಗುತ್ತಾರೆ, ಹಾಸಿಗೆಯ ಹತ್ತಿರ ಚಾರ್ಟ್ ಇರುತ್ತದೆ, ಡಾಕ್ಟರು ಬಂದು ನೋಡುತ್ತಾರೆ, ಪಕ್ಕದ ಹಾಸಿಗೆಯವರ ಕಡೆಯವರೂ ಒಂದು ಕಣ್ಣಿಟ್ಟಿರುತ್ತಾರೆ. ಮನೆಯಲ್ಲಿ ಹಾಗಲ್ಲ. ಬಾಗಿಲು ಹಾಕಿದ ಮೇಲೆ ಒಳಗೆ ಇರುವವರು ಇಬ್ಬರೇ, ಆರೈಕೆ ಮಾಡುವವರು ಮತ್ತು ಮಾಡಿಸಿಕೊಳ್ಳುವವರು. ಎಷ್ಟೋ ಸಲ ಆ ಎರಡನೆಯವರಿಗೆ ಮಾತೇ ಹೊರಡುವುದಿಲ್ಲ. ಹೋಮ್ ಕೇರ್‌ನಲ್ಲಿ ಗುಣಮಟ್ಟ, ಸುರಕ್ಷತೆ ಅಂತ ಏನೇನು ನಿಯಮ ಇವೆಯೋ, ಅವುಗಳಲ್ಲಿ ಹೆಚ್ಚಿನವು ಇರುವುದು ಈ ಕೊರತೆ ತುಂಬುವುದಕ್ಕೆ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಕಾಣಬೇಕು. ನನ್ನ ಪ್ರಕಾರ ಎಲ್ಲದರ ಬುಡ ಇದೇ.

ಅವೇಡಿಸ್ ಡೊನಬೇಡಿಯನ್ ಅಂತ ಒಬ್ಬ ವೈದ್ಯರಿದ್ದರು. ಬೇರೂತ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದವರು. ಚಿಕಿತ್ಸೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕು ಅಂತ ಅವರು 1966ರಲ್ಲಿ ಬರೆದರು. ಏನೇನು ಇದೆ, ಏನು ಮಾಡುತ್ತಾರೆ, ಕೊನೆಗೆ ಏನಾಯಿತು. ಈಗಲೂ ಜಗತ್ತಿನಾದ್ಯಂತ ಇದನ್ನೇ ಹಿಡಿದು ಅಳೆಯುತ್ತಾರೆ. ನಾವು ಏಜೆನ್ಸಿ ಹುಡುಕುವಾಗ ಮೊದಲನೆಯದನ್ನು ಮಾತ್ರ ಕೇಳುತ್ತೇವೆ. ತರಬೇತಿ ಆಗಿದೆಯಾ, ಅನುಭವ ಎಷ್ಟು, ದುಡ್ಡು ಎಷ್ಟು. ಎರಡನೆಯದನ್ನು, ಅಂದರೆ ದಿನಾ ನಿಜವಾಗಿ ಏನು ನಡೆಯುತ್ತೆ ಅನ್ನುವುದನ್ನು ಕೇಳುವವರು ಕಡಿಮೆ. ಮೂರನೆಯದು ಗೊತ್ತಾಗುವಷ್ಟರಲ್ಲಿ ಬೆನ್ನ ಮೇಲೆ ಹುಣ್ಣಾಗಿರುತ್ತದೆ.

ಹುಣ್ಣಿನ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೇ ಭಂಗಿಯಲ್ಲಿ ಮಲಗಿದವರ ಮೂಳೆ ಉಬ್ಬಿರುವ ಕಡೆ, ಅಂದರೆ ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಇಲ್ಲೆಲ್ಲ ಚರ್ಮ ಅಮುಕಿಕೊಂಡು ರಕ್ತ ಓಡುವುದು ನಿಲ್ಲುತ್ತದೆ. ಅದಕ್ಕೇ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಹೇಳುವುದು. ನಮ್ಮ ಮನೆಗೆ ಆಮೇಲೆ ಆರೈಕೆಗೆ ಬಂದ ಒಬ್ಬ ಅಕ್ಕ, ಅಮ್ಮನ ಕಾಲು ಒರೆಸುವಾಗ ಹಿಮ್ಮಡಿಯ ಹತ್ತಿರ ನಿಲ್ಲಿಸಿ ನನ್ನನ್ನು ಕರೆದರು. ನಾಣ್ಯದಷ್ಟು ಅಗಲದ ಒಂದು ಕೆಂಪು ಗುರುತು. ಅವರು ಬೆರಳಿನಿಂದ ಒತ್ತಿ ಬಿಟ್ಟು, "ಇಲ್ಲಿ ನೋಡಿ, ಒತ್ತಿದರೂ ಬಣ್ಣ ಹೋಗ್ತಿಲ್ಲ" ಅಂದರು. ಒತ್ತಿದಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ ಅಂತ ಅರ್ಥ. ಬಣ್ಣ ಹಾಗೇ ನಿಂತರೆ ಅದು ಹುಣ್ಣಿನ ಮೊದಲನೇ ಹಂತ, ಚರ್ಮ ಒಡೆದಿಲ್ಲ ಅಷ್ಟೇ. ಮೈಬಣ್ಣ ಕಪ್ಪಿದ್ದವರಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಕೈಯಿಟ್ಟು ನೋಡಬೇಕು, ಸುತ್ತಲಿನ ಜಾಗಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ. ಅಕ್ಕ ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಎಲ್ಲಿಗೂ ತಾಗದ ಹಾಗೆ ಮಾಡಿದರು. ಉಜ್ಜಬೇಡಿ, ಉಜ್ಜಿದರೆ ಒಳಗೆ ಇನ್ನೂ ಪೆಟ್ಟಾಗುತ್ತೆ ಅಂದರು. ಮಾತ್ರೆಯ ಆ ಘಟನೆ ಆದ ಮೇಲೆ ಎಲ್ಲವನ್ನೂ ಬರೆದಿಡಲು ನಾವು ಒಂದು ಪುಸ್ತಕ ಇಟ್ಟಿದ್ದೆವು, ಅದರಲ್ಲಿ ತಾರೀಕು, ಜಾಗ, ಅಗಲ ಬರೆದರು. ಐದಾರು ದಿನದಲ್ಲಿ ಗುರುತು ಹೋಯಿತು.

ಅವರಿಗೆ ಅದು ಕಂಡಿದ್ದು ಯಾಕೆ? ಹಿಂದಿನ ದಿನವೂ ಅದೇ ಕಾಲನ್ನು ಅವರೇ ಒರೆಸಿದ್ದರು. ದಿನಕ್ಕೊಬ್ಬರು ಬಂದರೆ ನಿನ್ನೆ ಇಲ್ಲದ್ದು ಇವತ್ತು ಬಂದಿದೆ ಅಂತ ಯಾರಿಗೆ ತಿಳಿಯಬೇಕು? ನೆದರ್‌ಲ್ಯಾಂಡ್ಸ್‌ನಲ್ಲಿ 2006ರಲ್ಲಿ ಯೋಸ್ ಡಿ ಬ್ಲಾಕ್ ಎಂಬ ನರ್ಸ್ ಒಬ್ಬರು ಬ್ಯೂರ್ಟ್‌ಜಾರ್ಗ್ ಅನ್ನುವ ಸಂಸ್ಥೆ ಶುರು ಮಾಡಿದರು. ಹೆಚ್ಚೆಂದರೆ 12 ಜನರ ಸಣ್ಣ ತಂಡ, ಒಂದು ಬಡಾವಣೆಯ ಮನೆಗಳನ್ನು ಆ ತಂಡವೇ ನೋಡಿಕೊಳ್ಳುತ್ತದೆ, ಯಾರು ಯಾವಾಗ ಹೋಗಬೇಕು ಅಂತ ಅವರವರೇ ತೀರ್ಮಾನ ಮಾಡುತ್ತಾರೆ. ಒಂದೇ ಮನೆಗೆ ಹತ್ತಾರು ಹೊಸ ಮುಖ ಬರುವುದು ತಪ್ಪುತ್ತದೆ. ಏಜೆನ್ಸಿಯವರನ್ನು ನೀವು ಒಂದೇ ಒಂದು ಪ್ರಶ್ನೆ ಕೇಳುವುದಾದರೆ ಇದನ್ನೇ ಕೇಳಿ: ತಿಂಗಳಿಗೆ ಎಷ್ಟು ಜನ ಬದಲಾಗುತ್ತಾರೆ? ರಜೆ ಹಾಕಿದರೆ ಬದಲಿಗೆ ಬರುವವರಿಗೆ ನಮ್ಮ ಮನೆಯ ವಿಷಯ ಯಾರು ಹೇಳಿಕೊಡುತ್ತಾರೆ?

ಸಮಯದ ವಿಷಯವೂ ಹಾಗೇ. ಬ್ರಿಟನ್‌ನಲ್ಲಿ 15 ನಿಮಿಷ ಬಂದು ಹೋಗುವ ಭೇಟಿಗಳ ಬಗ್ಗೆ ದೊಡ್ಡ ತಕರಾರು ಎದ್ದಿತ್ತು. ಅಲ್ಲಿನ ನೈಸ್ ಎಂಬ ಸಂಸ್ಥೆ 2015ರಲ್ಲಿ ಮಾರ್ಗಸೂಚಿ ತಂದು, ಅರ್ಧ ಗಂಟೆಗಿಂತ ಕಡಿಮೆ ಭೇಟಿ ಸಾಮಾನ್ಯವಾಗಿ ಬೇಡ, ಪರಿಚಯವಿರುವ ಆರೈಕೆಯವರೇ ಬಂದು ಒಂದು ಸಣ್ಣ ಕೆಲಸ ಮಾಡಿ ಹೋಗುವುದಾದರೆ ಮಾತ್ರ ಸರಿ ಅಂತ ಹೇಳಿತು. ಹದಿನೈದು ನಿಮಿಷದಲ್ಲಿ ಒಬ್ಬ ವೃದ್ಧರನ್ನು ಎಬ್ಬಿಸಿ, ತೊಳೆದು, ಬಟ್ಟೆ ಹಾಕಿ, ತಿನ್ನಿಸುವುದು ಆಗುತ್ತಾ? ಅವಸರದಲ್ಲಿ ತಿನ್ನಿಸಿದರೆ ತುತ್ತು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯಬಹುದು, ಅದರಿಂದ ನ್ಯುಮೋನಿಯಾ ಆಗಬಹುದು. ಲಕ್ವ ಆದವರಲ್ಲಿ ಈ ಭಯ ಜಾಸ್ತಿ. ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಕೊಟ್ಟು, ನುಂಗಿದರಾ ಅಂತ ನೋಡಿ ಮುಂದಿನದು ಕೊಡಬೇಕು. ಉಂಡ ಮೇಲೂ ಅರ್ಧ ಗಂಟೆ ಮಲಗಿಸಬಾರದು.

ಕೈ ತೊಳೆಯುವುದು ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಐದು ಹೊತ್ತು ಹೇಳುತ್ತದೆ. ರೋಗಿಯನ್ನು ಮುಟ್ಟುವ ಮೊದಲು, ಗಾಯಕ್ಕೆ ಬಟ್ಟೆ ಕಟ್ಟುವಂಥ ಶುದ್ಧವಾಗಿ ಮಾಡಬೇಕಾದ ಕೆಲಸದ ಮೊದಲು, ಮಲ ಮೂತ್ರ ರಕ್ತ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಮುತ್ತಲಿನ ವಸ್ತು ಮುಟ್ಟಿದ ಮೇಲೆ. ಸೋಪು ನೀರಿನಲ್ಲಾದರೆ 40ರಿಂದ 60 ಸೆಕೆಂಡು. ಗ್ಲೌಸ್ ಹಾಕಿದ್ದೀನಲ್ಲ ಅಂತ ಬಿಡುವವರು ತುಂಬ ಜನ. ಡೈಪರ್ ಬದಲಿಸಿದ ಗ್ಲೌಸಿನಲ್ಲೇ ನೀರಿನ ಲೋಟ ಹಿಡಿದರೆ ಗ್ಲೌಸ್ ಇದ್ದೂ ಏನು ಪ್ರಯೋಜನ ಹೇಳಿ. ಹಾಗೆಯೇ ಕ್ಯಾಥೆಟರ್, ಅಂದರೆ ಮೂತ್ರ ಹೊರಗೆ ಹರಿಸುವ ನಳಿಗೆ ಇದ್ದರೆ ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಚುಚ್ಚಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಗಟ್ಟಿ ಡಬ್ಬಿಯೊಳಗೆ ಹಾಗೇ ಹಾಕಿ.

ಬೀಳುವುದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಜಾರುವ ಚಾಪೆ ತೆಗೆದುಬಿಡಿ, ರಾತ್ರಿ ಬಚ್ಚಲಿನವರೆಗೆ ದೀಪ ಇರಲಿ, ಹಿಡಿದುಕೊಳ್ಳಲು ಗೋಡೆಗೆ ಗಟ್ಟಿ ಹಿಡಿ ಹಾಕಿಸಿ. ಎಬ್ಬಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ, ಲಕ್ವ ಹೊಡೆದ ಕಡೆಯ ಭುಜ ಜಾರಿ ಹೋಗಬಹುದು.

ಇನ್ನು ಯಾರು ಯಾವ ಕೆಲಸ ಮಾಡಬೇಕು ಅನ್ನುವುದು. ಸ್ನಾನ ಮಾಡಿಸಲು ಬಂದವರ ಕೈಯಲ್ಲಿ ಇಂಜೆಕ್ಷನ್ ಕೊಡಿಸುತ್ತೇವೆ, ಆಹಾರ ಕೊಡಲು ಮೂಗಿನಿಂದ ನಳಿಗೆ ಹಾಕಿಸುತ್ತೇವೆ, ಅವರು ಪಾಪ ಇಲ್ಲ ಅನ್ನಲಾರದೆ ಮಾಡುತ್ತಾರೆ. ಇಲ್ಲಿ ತಪ್ಪು ನಮ್ಮದು. ಅಟೆಂಡರ್ ಏನು ಮಾಡಬಹುದು, ನರ್ಸೇ ಬರಬೇಕಾದ್ದು ಯಾವುದಕ್ಕೆ ಅಂತ ಮೊದಲ ದಿನವೇ ಬರೆದು ಕೊಡಿ ಅಂತ ಏಜೆನ್ಸಿಯನ್ನು ಕೇಳಿ. ಮೇಲ್ವಿಚಾರಕರು ಮನೆಗೆ ಬಂದು ನೋಡುತ್ತಾರಾ, ಎಷ್ಟು ದಿನಕ್ಕೊಮ್ಮೆ, ಹೇಳದೆಯೂ ಬರುತ್ತಾರಾ? ದೂರು ಇದ್ದರೆ ಯಾರಿಗೆ ಹೇಳಬೇಕು? ಇದಕ್ಕೆಲ್ಲ ಸುಮ್ನೆ "ನಾವಿದ್ದೇವೆ ಬಿಡಿ" ಅಂದರೆ ನಾನಾಗಿದ್ದರೆ ಬೇರೆ ಕಡೆ ನೋಡುತ್ತೇನೆ.

ಹೇಳಲು ಕಷ್ಟವಾದ ಮಾತೂ ಒಂದಿದೆ. ಮಲಗಿದವರ ತೋಳಿನಲ್ಲಿ ಬೆರಳಿನ ಗುರುತು ಕಂಡರೆ, ಒಬ್ಬರು ಒಳಗೆ ಬಂದ ಕೂಡಲೇ ಅವರು ಮುದುಡಿಕೊಂಡರೆ, ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರೆ, ವಯಸ್ಸಾಯಿತು ಅಂತ ತಳ್ಳಿಹಾಕಬೇಡಿ. ಅವರೊಬ್ಬರೇ ಇರುವಾಗ ಪಕ್ಕದಲ್ಲಿ ಕೂತು ಕೇಳಿ. ಮಾತು ಬರದಿದ್ದರೆ ಹೌದು, ಇಲ್ಲ ಅನ್ನುವುದಕ್ಕೆ ಕೈ ಒತ್ತುವುದನ್ನು ಗುರುತು ಮಾಡಿಕೊಳ್ಳಿ. ಮಾತು ಸರಿಯಾಗಿ ಹೊರಡದ ದಿನ ನಮ್ಮ ಅಮ್ಮ ಹಾಗೇ ಉತ್ತರ ಕೊಡುತ್ತಿದ್ದರು, ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ.

ಈಗ ಆ ಪುಸ್ತಕದ ವಿಷಯ. ನಮ್ಮದು ಇನ್ನೂರು ಪುಟದ ಸಾದಾ ನೋಟ್‌ಬುಕ್, ಪೆನ್ನನ್ನು ದಾರ ಕಟ್ಟಿ ಅದಕ್ಕೇ ಸೇರಿಸಿದ್ದೆವು, ಇಲ್ಲದಿದ್ದರೆ ಪೆನ್ನು ಸಿಗುವುದಿಲ್ಲ, ಪೆನ್ನು ಸಿಗದಿದ್ದರೆ ಬರೆಯುವುದಿಲ್ಲ. ಮೊದಲ ಪುಟದಲ್ಲಿ ಅಲರ್ಜಿ, ಇರುವ ಕಾಯಿಲೆ, ಡಾಕ್ಟರ ನಂಬರು, ಆಂಬುಲೆನ್ಸ್ ನಂಬರು. ಒಳಗೆ ದಿನಕ್ಕೊಂದು ಪುಟ. ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೆ, ಕೊಟ್ಟವರ ಸಹಿ. ಕೊಟ್ಟ ತಕ್ಷಣ ಬರೆಯಬೇಕು, ಸಂಜೆ ನೆನಪು ಮಾಡಿಕೊಂಡು ಅಲ್ಲ. ಕೊಡದೇ ಬಿಟ್ಟಿದ್ದರೆ ಅದನ್ನೂ, ಯಾಕೆ ಅಂತ ಬರೆಯಬೇಕು. ಎಷ್ಟು ನೀರು ಕುಡಿದರು, ಯಾವ ಮಗ್ಗುಲಿಗೆ ಮಲಗಿಸಿದ್ದು, ಚರ್ಮ ಹೇಗಿದೆ. ತಾವು ಮಾಡಿದ ತಪ್ಪನ್ನು ಬರೆದವರನ್ನು ಬೈಯಬಾರದು ಅಂತ ನಾವು ಮನೆಯಲ್ಲಿ ಮಾತು ಮಾಡಿಕೊಂಡೆವು, ಯಾಕೆಂದರೆ ಒಂದು ಸಲ ಬೈದರೆ ಮುಂದಿನ ಸಲ ತಪ್ಪು ಪುಸ್ತಕಕ್ಕೆ ಬರುವುದೇ ಇಲ್ಲ.

ಕೆಲವು ತಿಂಗಳಾದ ಮೇಲೆ ಅದೇ ಪುಸ್ತಕ ತಿರುವಿ ಹಾಕುವಾಗ ನನಗೆ ಇನ್ನೊಂದು ಕಂಡಿತು. ರಾತ್ರಿ 10ಕ್ಕೆ ಮಗ್ಗುಲು, 12ಕ್ಕೆ, 2ಕ್ಕೆ, 4ಕ್ಕೆ, ಎಲ್ಲ ಕಡೆ ಒಬ್ಬರದೇ ಸಹಿ. ಬೆಳಿಗ್ಗೆ 9ಕ್ಕೂ ಅವರದೇ, ಹಗಲಿನವರು ಬಾರದ ದಿನ. ಮರುದಿನ ರಾತ್ರಿಯೂ ಅವರೇ. ಅಮ್ಮನ ಲೆಕ್ಕ ಇಷ್ಟೆಲ್ಲ ಇಟ್ಟ ನಾವು ಅವರು ಯಾವಾಗ ಮಲಗಿದರು ಅಂತ ಒಂದು ದಿನವೂ ಕೇಳಿರಲಿಲ್ಲ. ನಿದ್ದೆಗೆಟ್ಟವರ ಕೈಯಲ್ಲಿ ಮಾತ್ರೆ ತಪ್ಪುತ್ತದೆ, ಎತ್ತುವಾಗ ಹಿಡಿತ ತಪ್ಪುತ್ತದೆ, ಅವರ ಸೊಂಟವೂ ಹೋಗುತ್ತದೆ. ಅವತ್ತಿನಿಂದ ಪುಟದ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದೆವು: ನೋಡಿಕೊಳ್ಳುವವರು ಎಷ್ಟು ಗಂಟೆ ಮಲಗಿದರು? ಆರು ಗಂಟೆಗಿಂತ ಕಡಿಮೆ ಬರೆದಿದ್ದ ದಿನ, ಅಮ್ಮನ ಪಕ್ಕ ನಾನೇ ಕೂರುತ್ತಿದ್ದೆ. ನಮಸ್ಕಾರ.