ಸಭಾನಾಯಕರ ಉತ್ತರ

ಕೇಳುಗರೆ, ನಮಸ್ಕಾರ.

ಡಬ್ಲಿನ್ ನಗರದ ಲೆನ್‌ಸ್ಟರ್ ಹೌಸ್ ಐರ್ಲೆಂಡ್ ಸಂಸತ್ತಿನ ಎರಡೂ ಸದನಗಳ ನೆಲೆ. ಕೆಳಮನೆಯ ಹೆಸರು ಡಾಲ್, ಮೇಲ್ಮನೆಯದು ಶಾನದ್. ಶಾನದ್‌ನ 60 ಸದಸ್ಯರಲ್ಲಿ 11 ಮಂದಿಯನ್ನು ಪ್ರಧಾನಿ ನಾಮಕರಣ ಮಾಡುತ್ತಾರೆ. ನಮ್ಮ ವಿಧಾನ ಪರಿಷತ್ತಿನಲ್ಲೂ ನಾಮಕರಣದ ಸ್ಥಾನಗಳು ಅಷ್ಟೇ ಎಂಬುದು ಕಾಕತಾಳೀಯವಿರಬೇಕು.

ಶಾನದ್‌ನಲ್ಲಿ ಸಭಾನಾಯಕರು, ಅಂದರೆ ಸದನದಲ್ಲಿ ಸರ್ಕಾರದ ಪರವಾಗಿ ಕಲಾಪ ನಡೆಸಿಕೊಡುವ ಸದಸ್ಯರು, ದಿನದ ಕಾರ್ಯಕಲಾಪದ ಪಟ್ಟಿಯನ್ನು ಮಂಡಿಸಿದ ಕೂಡಲೇ ಕೋರಿಕೆಗಳ ಸರದಿ ಆರಂಭವಾಗುತ್ತದೆ. ಒಬ್ಬರು ತಮ್ಮ ಜಿಲ್ಲೆಯ ಆಸ್ಪತ್ರೆಯ ವಿಚಾರವೆತ್ತಿದರೆ, ಇನ್ನೊಬ್ಬರು ಮನೆ ಬಾಡಿಗೆಯ ಏರಿಕೆಯನ್ನು, ಮತ್ತೊಬ್ಬರು ಹೊರದೇಶದ ಯುದ್ಧವನ್ನು ಪ್ರಸ್ತಾಪಿಸಿ, ಸಂಬಂಧಪಟ್ಟ ಮಂತ್ರಿಗಳನ್ನು ಸದನಕ್ಕೆ ಕರೆಸಿ ಚರ್ಚೆಗೆ ಅವಕಾಶ ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತಾರೆ. ಎಲ್ಲವನ್ನೂ ಗುರುತುಹಾಕಿಕೊಂಡ ಸಭಾನಾಯಕರು ಕೊನೆಯಲ್ಲಿ ಎದ್ದು, ಒಬ್ಬೊಬ್ಬ ಸದಸ್ಯರನ್ನೂ ಹೆಸರಿಸಿ ಉತ್ತರಿಸುತ್ತಾರೆ.

ಆ ಉತ್ತರದ ಧಾಟಿ ಸಾಮಾನ್ಯವಾಗಿ ಒಂದೇ: ಮಂತ್ರಿಗಳ ಗಮನಕ್ಕೆ ತರುತ್ತೇನೆ, ಆದಷ್ಟು ಬೇಗ ಚರ್ಚೆ ಏರ್ಪಡಿಸಲು ಯತ್ನಿಸುತ್ತೇನೆ. ನಯವಾಗಿ ಜಾರಿಕೊಳ್ಳುವ ಮಾತೆಂದು ನಗಬಹುದು, ನನಗೂ ಹಲವು ಸಲ ಹಾಗೆಯೇ ಅನ್ನಿಸಿದೆ. ಆದರೆ ಮಂತ್ರಿಯ ದಿನಚರಿ ಸಭಾನಾಯಕರ ಕೈಯಲ್ಲಿಲ್ಲ, ಅವರೂ ಕೇಳಿಕೊಳ್ಳಬೇಕಾದವರೇ.

ಕೆಳಮನೆಯ ಕ್ರಮ ಬೇರೆ. ಅಲ್ಲಿ 2016ರಿಂದ ಕಾರ್ಯಕಲಾಪ ಸಮಿತಿಯೊಂದು ವಾರದ ಪಟ್ಟಿಯನ್ನು ಗೊತ್ತುಮಾಡುತ್ತದೆ. ತುರ್ತು ವಿಷಯಕ್ಕಾಗಿ ನಿಗದಿತ ಕಲಾಪವನ್ನು ಬದಿಗಿರಿಸಿ ಚರ್ಚೆ ಕೇಳುವ ನಮ್ಮ ನಿಲುವಳಿ ಸೂಚನೆಯಂಥದೊಂದು ದಾರಿಯೂ ಇದೆಯಾದರೂ, ಸಭಾಧ್ಯಕ್ಷರ ಸಮ್ಮತಿಯ ಜೊತೆಗೆ 12 ಸದಸ್ಯರು ಎದ್ದುನಿಂತು ಬೆಂಬಲಿಸಬೇಕಾದ ಆ ದಾರಿಯಲ್ಲಿ ಚರ್ಚೆ ದೊರೆಯುವುದು ಅಪರೂಪ.

ಮೇಲ್ಮನೆಯ ಸದಸ್ಯರಿಗೆ ಇನ್ನೂ ಹರಿತವಾದ ಉಪಾಯವಿದೆ. ಬರಿಯ ಕೋರಿಕೆಗೆ ನಿಲ್ಲದೆ, ಈ ಚರ್ಚೆ ಇಂದೇ ನಡೆಯಬೇಕೆಂದು ಕಾರ್ಯಕಲಾಪದ ಪಟ್ಟಿಗೇ ಅವರು ತಿದ್ದುಪಡಿ ಸೂಚಿಸಬಹುದು. ಇನ್ನೊಬ್ಬರು ಅನುಮೋದಿಸಿದರೆಂದರೆ ಮುಂದೆ ನೋಡೋಣ ಎಂಬ ಉತ್ತರ ಸಾಲುವುದಿಲ್ಲ. ಸಭಾನಾಯಕರು ಒಪ್ಪಬೇಕು, ಇಲ್ಲವೇ ಮತಕ್ಕೆ ಸಿದ್ಧರಾಗಬೇಕು. ಸರ್ಕಾರದ ಪಕ್ಷಗಳಿಗೆ ಬಹುಮತವಿದ್ದಾಗ ತಿದ್ದುಪಡಿ ಬಿದ್ದುಹೋಗುವುದೇ ಹೆಚ್ಚು. ಹಾಗಿದ್ದರೂ ಸೂಚಿಸುವವರು ಸೂಚಿಸುತ್ತಲೇ ಇರುತ್ತಾರೆ, ಏಕೆಂದರೆ ಚರ್ಚೆ ಬೇಕೆಂದವರು ಯಾರು, ಬೇಡವೆಂದವರು ಯಾರು ಎಂಬುದು ಕಡತಕ್ಕೆ ಸೇರುತ್ತದೆ.

ಈ ಮೇಲ್ಮನೆಯನ್ನೇ ರದ್ದುಮಾಡುವ ಪ್ರಸ್ತಾವ 2013ರ ಅಕ್ಟೋಬರಿನಲ್ಲಿ ಜನಮತಗಣನೆಗೆ ಬಂದಿತ್ತು, ಶೇಕಡಾ 51.7 ಮತದಾರರು ಬೇಡವೆಂದರು. ಮತಕ್ಕೆ ಕರೆಯುವ ಗಂಟೆ ಇಂದಿಗೂ ಮೊಳಗುತ್ತದೆ, ಸದಸ್ಯರು ಓಡಿಬಂದು ಕೂರುತ್ತಾರೆ, ಒಪ್ಪಿದವರ ಹೆಸರು ‘ತಾ’ ಎಂಬ ಐರಿಷ್ ಪದದ ಕೆಳಗೂ, ಒಪ್ಪದವರ ಹೆಸರು ‘ನೀಲ್’ ಎಂಬುದರ ಕೆಳಗೂ ಅಚ್ಚಾಗುತ್ತದೆ.